ಪಕ್ಷಾಂತರ ತಡೆಯೋಕೆ ಕಾನೂನು ಇದೆ ಅಲ್ವಾ? ಮತ್ತೆ ಯಾಕೆ ನಿಲ್ಲುತ್ತಿಲ್ಲ?

ಒಂದು ಪಕ್ಷದ ಚಿಹ್ನೆ ಮೇಲೆ ಗೆದ್ದವರು ಅವಧಿ ಮುಗಿಯುವ ಮೊದಲೇ ಇನ್ನೊಂದು ಪಕ್ಷದ ಶಾಲು ಹೊದ್ದು ನಿಂತರೆ, ಓಟು ಹಾಕಿದವರಿಗೆ ಆಗುವ ಸಂಕಟ ಸಣ್ಣದಲ್ಲ. ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದಿದ್ದು ಯಾರಿಗಾಗಿ? ಆ ಓಟು ಈಗ ಯಾರ ಲೆಕ್ಕಕ್ಕೆ ಸೇರಿತು? ಗೆದ್ದ ಶಾಸಕರನ್ನು ವಾಪಸ್ ಕರೆಸುವ ಹಕ್ಕು ನಮ್ಮಲ್ಲಿ ಮತದಾರರಿಗೆ ಇಲ್ಲ. ಮುಂದಿನ ಚುನಾವಣೆವರೆಗೆ ಕಾಯಬೇಕು, ಅಷ್ಟೆ.

ಪ್ರಜಾಪ್ರಭುತ್ವದ ಆರೋಗ್ಯ ಕೆಡುತ್ತಿದೆ ಎನ್ನುವವರು ಹತ್ತಾರು ಕಾರಣ ಕೊಡುತ್ತಾರೆ. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ. ಯಾಕೆಂದರೆ ಇಲ್ಲಿ ಚುನಾವಣೆ ಸರಿಯಾಗಿಯೇ ನಡೆದಿರುತ್ತದೆ. ಎಣಿಕೆಯಲ್ಲೂ ತಪ್ಪಿರುವುದಿಲ್ಲ. ಆದರೂ ಜನ ಕೊಟ್ಟ ತೀರ್ಪು ಆಮೇಲೆ ತಲೆಕೆಳಗಾಗುತ್ತದೆ. ಅದೂ ಬಹುಪಾಲು ಕಾನೂನಿನ ಒಳಗೇ ನಡೆದುಹೋಗುತ್ತದೆ. ಪಕ್ಷಾಂತರ ನಿಷೇಧ ಕಾನೂನು ಬಂದು ನಾಲ್ಕು ದಶಕ ದಾಟಿತು. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡುತ್ತಾ ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬಿಗಿಯಾಗಿ ಇರಬೇಕಾದ ಕಡೆ ಈ ಕಾನೂನು ಸಡಿಲವಾಗಿದೆ. ಸಡಿಲ ಬಿಡಬೇಕಾದ ಕಡೆ ಬಿಗಿಯಾಗಿದೆ.

ಕಥೆ ಶುರುವಾಗುವುದು 1967ರಲ್ಲಿ. ಆ ವರ್ಷದ ಚುನಾವಣೆಯಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್‌ಗೆ ಬಹುಮತ ಸಿಗಲಿಲ್ಲ. ಸರ್ಕಾರ ಕಟ್ಟಲು, ಬೀಳಿಸಲು ನಾಲ್ಕೈದು ಶಾಸಕರು ಸಾಕಾಗುವ ಪರಿಸ್ಥಿತಿ ಬಂತು. ಹರಿಯಾಣದಲ್ಲಿ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. 'ಆಯಾ ರಾಮ್ ಗಯಾ ರಾಮ್' ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಈ ಪಿಡುಗನ್ನು ನೋಡಲು ಆಗಿನ ಗೃಹ ಸಚಿವ ವೈ.ಬಿ. ಚವಾಣ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. 1969ರಲ್ಲಿ ಬಂದ ಅದರ ವರದಿಯಲ್ಲಿ ಒಂದು ಲೆಕ್ಕವಿದೆ. ಏಳು ರಾಜ್ಯಗಳಲ್ಲಿ ಪಕ್ಷ ಬಿಟ್ಟ 210 ಶಾಸಕರಲ್ಲಿ 116 ಮಂದಿ, ತಾವೇ ಪಕ್ಷ ಬಿಟ್ಟು ತಂದ ಸರ್ಕಾರಗಳಲ್ಲಿ ಮಂತ್ರಿಗಳಾಗಿದ್ದರು. ಅರ್ಧಕ್ಕಿಂತ ಹೆಚ್ಚು! ಸಿದ್ಧಾಂತ, ಕ್ಷೇತ್ರದ ಅಭಿವೃದ್ಧಿ, ನಾಯಕತ್ವದ ಮೇಲೆ ಅಸಮಾಧಾನ, ಬಾಯಲ್ಲಿ ಏನೇ ಕಾರಣ ಹೇಳಿದರೂ ಕಣ್ಣು ಎಲ್ಲಿತ್ತು ಎನ್ನುವುದು ಈ ಅಂಕಿಯಲ್ಲೇ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವರದಿ ಬಂದ ಮೇಲೂ ಕಾನೂನಿಗೆ ಹದಿನಾರು ವರ್ಷ ಹಿಡಿಯಿತು. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು 10ನೇ ಅನುಸೂಚಿಯನ್ನು ಸೇರಿಸಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಎಂದು ಕರೆಯುವುದು ಇದನ್ನೇ.

ಕಾನೂನು ಹೇಳುವುದು ಏನು?

ಪಕ್ಷದ ಟಿಕೆಟ್ ಮೇಲೆ ಗೆದ್ದ ಶಾಸಕರಾಗಲಿ ಸಂಸದರಾಗಲಿ ಎರಡು ಕಾರಣಕ್ಕೆ ಸ್ಥಾನ ಕಳೆದುಕೊಳ್ಳುತ್ತಾರೆ. ಒಂದು, ತಾವಾಗಿಯೇ ಪಕ್ಷದ ಸದಸ್ಯತ್ವ ಬಿಟ್ಟುಕೊಟ್ಟರೆ. ಎರಡು, ಸದನದಲ್ಲಿ ಪಕ್ಷ ಕೊಟ್ಟ ವಿಪ್ (ಹೀಗೇ ಓಟು ಹಾಕಬೇಕು ಎಂಬ ಆದೇಶ) ಮೀರಿ ಓಟು ಹಾಕಿದರೆ, ಅಥವಾ ಓಟು ಹಾಕದೆ ತಪ್ಪಿಸಿಕೊಂಡರೆ. ಎರಡನೇ ತಪ್ಪನ್ನು ಪಕ್ಷ ಹದಿನೈದು ದಿನದೊಳಗೆ ಕ್ಷಮಿಸಬಹುದು. ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದಾದರೂ ಪಕ್ಷ ಸೇರಿದರೆ ಅವರೂ ಅನರ್ಹರಾಗುತ್ತಾರೆ.

'ತಾವಾಗಿಯೇ ಬಿಟ್ಟುಕೊಟ್ಟರೆ' ಎಂದರೆ ಪಕ್ಷಕ್ಕೆ ರಾಜೀನಾಮೆ ಪತ್ರ ಕೊಡಲೇಬೇಕು ಎಂದಲ್ಲ. ರವಿ ನಾಯ್ಕ್ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಪತ್ರ ಕೊಡದಿದ್ದರೂ ನಡವಳಿಕೆ ನೋಡಿಯೇ ಪಕ್ಷ ಬಿಟ್ಟಿದ್ದಾರೆ ಎಂದು ತೀರ್ಮಾನಿಸಬಹುದು. ಎದುರು ಪಕ್ಷದವರ ಜೊತೆ ರಾಜ್ಯಪಾಲರ ಬಳಿ ಹೋಗಿ 'ಇವರಿಗೆ ನಮ್ಮ ಬೆಂಬಲ' ಎಂದರೆ ಅದೂ ಪಕ್ಷ ಬಿಟ್ಟಂತೆಯೇ.

ಕಾಗದದ ಮೇಲೆ ಇದು ಗಟ್ಟಿಯಾಗಿಯೇ ಇದೆ. ಹೊರಗೆ ಹೋಗುವ ದಾರಿಗಳಿರುವುದು ಬೇರೆ ಕಡೆ.

ಗುಂಪಾಗಿ ಹೋದರೆ ತಪ್ಪಲ್ಲ

ಮೊದಲ ದಾರಿಯನ್ನು ಕಾನೂನೇ ಬರೆದು ಕೊಟ್ಟಿತ್ತು. ಒಬ್ಬರು ಪಕ್ಷ ಬಿಟ್ಟರೆ ಅದು ಪಕ್ಷಾಂತರ. ಮೂರನೇ ಒಂದರಷ್ಟು ಶಾಸಕರು ಒಟ್ಟಿಗೆ ಬಿಟ್ಟರೆ ಅದು 'ಪಕ್ಷದ ಒಡಕು', ಅದಕ್ಕೆ ಶಿಕ್ಷೆ ಇಲ್ಲ. ಹಾಗಾಗಿ ಸಣ್ಣ ಪಕ್ಷಗಳನ್ನು ಒಡೆಯುವುದು ಸುಲಭವಾಯಿತು. 2003ರ 91ನೇ ತಿದ್ದುಪಡಿ ಈ ಒಡಕಿನ ವಿನಾಯಿತಿಯನ್ನು ತೆಗೆದುಹಾಕಿತು. ಮಂತ್ರಿಗಳ ಸಂಖ್ಯೆ ಸದನದ ಬಲದ ಶೇಕಡಾ 15 ಮೀರಬಾರದು ಎಂಬ ಮಿತಿಯನ್ನೂ ಆಗಲೇ ಹಾಕಿದರು. ಹಂಚಲು ಖುರ್ಚಿ ಕಡಿಮೆ ಇದ್ದರೆ ಆಮಿಷವೂ ಕಡಿಮೆ ಆಗುತ್ತದೆ ಎನ್ನುವ ಯೋಚನೆ ಅದರ ಹಿಂದಿತ್ತು. ಒಳ್ಳೆಯ ಯೋಚನೆಯೇ.

ಆದರೆ 'ವಿಲೀನ' ಹಾಗೇ ಉಳಿಯಿತು. ಮೂರನೇ ಎರಡರಷ್ಟು ಶಾಸಕರು ಒಪ್ಪಿ ಇನ್ನೊಂದು ಪಕ್ಷದ ಜೊತೆ ವಿಲೀನವಾದೆವು ಎಂದರೆ ಯಾರ ಸ್ಥಾನವೂ ಹೋಗುವುದಿಲ್ಲ. 2019ರ ಜುಲೈನಲ್ಲಿ ಗೋವಾದಲ್ಲಿ ಕಾಂಗ್ರೆಸ್ಸಿನ 15 ಶಾಸಕರಲ್ಲಿ 10 ಮಂದಿ ಬಿಜೆಪಿ ಸೇರಿದರು. ಅದೇ ವರ್ಷ ರಾಜಸ್ಥಾನದಲ್ಲಿ ಬಿಎಸ್‌ಪಿಯ ಆರಕ್ಕೆ ಆರೂ ಶಾಸಕರು ಕಾಂಗ್ರೆಸ್ ಸೇರಿದರು. ಯಾವ ಪಕ್ಷವೂ ಈ ದಾರಿಯನ್ನು ಬೇಡ ಎಂದಿಲ್ಲ.

ಗೋವಾದ ಮುಂದಿನ ಕಥೆ ಕೇಳಿ. ಮತ್ತೆ ಹಾಗಾಗಬಾರದು ಎಂದು 2022ರ ಚುನಾವಣೆಗೆ ಮುಂಚೆ ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ದೇವಸ್ಥಾನ, ಚರ್ಚ್, ದರ್ಗಾ ಮೂರೂ ಕಡೆ ಕರೆದುಕೊಂಡು ಹೋಗಿ ಪಕ್ಷ ಬಿಡುವುದಿಲ್ಲ ಎಂದು ಪ್ರಮಾಣ ಮಾಡಿಸಿತು. ಅದೇ ಸೆಪ್ಟೆಂಬರ್‌ನಲ್ಲಿ 11 ಶಾಸಕರಲ್ಲಿ 8 ಮಂದಿ ಬಿಜೆಪಿಗೆ ಹೋದರು. ಮೂರನೇ ಎರಡಕ್ಕೆ ಬೇಕಾಗಿದ್ದು ಸರಿಯಾಗಿ ಎಂಟೇ ಜನ. ದೇವರ ಮುಂದೆ ಕೊಟ್ಟ ಮಾತು ನಿಲ್ಲಲಿಲ್ಲ, ಕಾನೂನಿನ ಲೆಕ್ಕ ಮಾತ್ರ ತಪ್ಪಲಿಲ್ಲ.

ರಾಜೀನಾಮೆ ಎಂಬ ದಾರಿ

ಎರಡನೇ ದಾರಿಯನ್ನು ಕರ್ನಾಟಕದವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. 'ಆಪರೇಷನ್ ಕಮಲ' ಎಂಬ ಹೆಸರು ಬಂದಿದ್ದೇ ಇಲ್ಲಿಂದ. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂದಿತ್ತು, ಬಹುಮತಕ್ಕೆ 113 ಬೇಕು. ಆಗ ಬೇರೆ ಪಕ್ಷಗಳ ಕೆಲವು ಶಾಸಕರು ಪಕ್ಷ ಬದಲಿಸುವ ಗೋಜಿಗೇ ಹೋಗಲಿಲ್ಲ. ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿಗಳಾಗಿ ನಿಂತರು.

ಇದರ ಸೂತ್ರ ಸರಳ. ಸರ್ಕಾರಕ್ಕೆ ಬಹುಮತ ಇದೆಯೇ ಎನ್ನುವುದನ್ನು ಸದನದಲ್ಲೇ ತಲೆ ಎಣಿಸಿ ತೀರ್ಮಾನಿಸಬೇಕು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದರ ಮೇಲೆ ನಡೆದ ಮೊಕದ್ದಮೆಯಲ್ಲಿ, 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇದು. ಒಳ್ಳೆಯ ತೀರ್ಪು, ರಾಜಭವನದಲ್ಲಿ ಕೂತು ಸರ್ಕಾರ ಬೀಳಿಸುವುದಕ್ಕೆ ಅದು ಕಡಿವಾಣ ಹಾಕಿತು. ಆದರೆ ಎಣಿಸುವುದು ಸದನದಲ್ಲಿ ಇರುವ ತಲೆಗಳನ್ನು. ಎದುರಿನವರು ನಿಮ್ಮ ಕಡೆ ಬರದಿದ್ದರೂ ಪರವಾಗಿಲ್ಲ, ಸದನದಲ್ಲಿ ಇಲ್ಲದಿದ್ದರೆ ಸಾಕು.

2019ರ ಜುಲೈ ನೆನಪಿಸಿಕೊಳ್ಳಿ. ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಬಿಜೆಪಿಗೆ 105 ಸ್ಥಾನ. ಜುಲೈ 6ರಂದು ಅತೃಪ್ತ ಶಾಸಕರ ಗುಂಪು ರಾಜೀನಾಮೆ ಪತ್ರ ಹಿಡಿದು ಸ್ಪೀಕರ್ ಕಚೇರಿಗೆ ಬಂತು. ಸ್ಪೀಕರ್ ರಮೇಶ್ ಕುಮಾರ್ ಆಗ ಅಲ್ಲಿರಲಿಲ್ಲ. ಪತ್ರ ಕಚೇರಿಯಲ್ಲಿ ಕೊಟ್ಟು ರಾಜಭವನಕ್ಕೆ ಹೋದರು, ಆಮೇಲೆ ಮುಂಬೈ ಹೋಟೆಲ್ ಸೇರಿದರು. ಕೆಲವು ದಿನಗಳ ನಂತರ ಸ್ಪೀಕರ್, ಹಲವರ ರಾಜೀನಾಮೆ ನಿಗದಿತ ನಮೂನೆಯಲ್ಲಿ ಇಲ್ಲ ಎಂದರು. ಶಾಸಕರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟ್ ಹೇಳಿದಂತೆ ಜುಲೈ 11ರ ಸಂಜೆ ಮುಂಬೈಯಿಂದ ವಿಮಾನದಲ್ಲಿ ಬಂದು ಸ್ಪೀಕರ್ ಮುಂದೆ ಹಾಜರಾದರು.

ಈ ನಮೂನೆಯ ಜಗಳ ಸುಮ್ನೆ ತಕರಾರು ಎಂದು ಆಗ ಎಷ್ಟೋ ಜನ ಅಂದುಕೊಂಡಿದ್ದರು. ಅದರ ಹಿಂದೆ ಸಂವಿಧಾನದ 190ನೇ ವಿಧಿ ಇದೆ. ರಾಜೀನಾಮೆ ಸ್ವಂತ ಇಚ್ಛೆಯಿಂದ ಕೊಟ್ಟಿದ್ದೇ, ನಿಜವಾದದ್ದೇ ಎಂದು ಸ್ಪೀಕರ್ ವಿಚಾರಣೆ ಮಾಡಬಹುದು. ಬಲವಂತದಿಂದ ಬರೆಸಿಕೊಂಡಿದ್ದರೆ ಅದನ್ನು ತಡೆಯಲಿ ಎಂದು 1974ರಲ್ಲಿ 33ನೇ ತಿದ್ದುಪಡಿ ಮೂಲಕ ಈ ಅಧಿಕಾರ ಕೊಟ್ಟರು. ಆದರೆ ಶಾಸಕರೇ ಬಂದು 'ನಾನೇ ಮನಸಾರೆ ಕೊಟ್ಟೆ' ಎಂದರೆ ಅಲ್ಲಿಗೆ ಮುಗಿಯಿತು. ಯಾಕೆ ಕೊಟ್ಟರು, ಏನು ಸಿಗುತ್ತದೆ ಎಂಬ ಆಸೆಯಿಂದ ಕೊಟ್ಟರು ಎಂದು ಅಳೆಯುವ ದಾರಿ ಅಲ್ಲಿಲ್ಲ.

ಜುಲೈ 23ರಂದು ವಿಶ್ವಾಸಮತ ಬಿತ್ತು. ಸರ್ಕಾರದ ಪರ 99, ವಿರುದ್ಧ 105. ಒಬ್ಬ ಅತೃಪ್ತ ಶಾಸಕರೂ ಬಿಜೆಪಿ ಕಡೆಗೆ ಕೈ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಆ ವಾರದಲ್ಲೇ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು, ವಿಧಾನಸಭೆಯ ಅವಧಿ ಮುಗಿಯುವವರೆಗೂ ಚುನಾವಣೆಗೆ ನಿಲ್ಲುವಂತಿಲ್ಲ ಎಂದರು. ಚುನಾಯಿತ ಸ್ಥಾನ 224ರಿಂದ 207ಕ್ಕೆ ಇಳಿಯಿತು. ಅದರ ಜೊತೆ ಬಹುಮತದ ಗೆರೆಯೂ 113ರಿಂದ 104ಕ್ಕೆ ಇಳಿಯಿತು. 105 ಇದ್ದವರಿಗೆ ಒಂದು ಸ್ಥಾನವೂ ಹೆಚ್ಚಾಗದೆ ಬಹುಮತ ಬಂತು.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅನರ್ಹತೆ ಸರಿ, ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಹಿಂದಿನ ತಪ್ಪು ಅಳಿಸಿಹೋಗುವುದಿಲ್ಲ ಎಂದಿತು. ಆದರೆ ಇಷ್ಟು ವರ್ಷ ಚುನಾವಣೆಗೆ ನಿಲ್ಲಬಾರದು ಎಂದು ಹೇಳುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದೂ ಹೇಳಿತು. ಕಾನೂನಿನಲ್ಲಿ ಹಾಗೆ ಬರೆದಿಲ್ಲ, ಆದ್ದರಿಂದ ಕೋರ್ಟ್ ಹೇಳಿದ್ದು ಸರಿಯೇ. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅನರ್ಹರಾದವರಲ್ಲಿ 13 ಮಂದಿ ಬಿಜೆಪಿಯಿಂದ ನಿಂತರು, 11 ಮಂದಿ ಗೆದ್ದರು. 2020ರ ಫೆಬ್ರವರಿ 6ರಂದು ಅವರಲ್ಲಿ 10 ಮಂದಿ ಮಂತ್ರಿಗಳಾದರು.

ಚವಾಣ್ ಸಮಿತಿಯ ಅಂಕಿ ನೆನಪಿದೆಯಲ್ಲ? ಆಗ 210ರಲ್ಲಿ 116. ಇಲ್ಲಿ 17ರಲ್ಲಿ 10. ಕಾನೂನೇ ಇಲ್ಲದ ಕಾಲಕ್ಕೂ, ಇದ್ದೂ ಮೂವತ್ತೈದು ವರ್ಷವಾದ ಕಾಲಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

'ಜನರೇ ಮತ್ತೆ ಗೆಲ್ಲಿಸಿದರಲ್ಲ, ಇನ್ನೇನು ತಪ್ಪು?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಜನರ ಮುಂದೆ ಹೋಗಿ ಮತ್ತೆ ಗೆದ್ದು ಬರುವುದು ರಾತ್ರೋರಾತ್ರಿ ಪಕ್ಷ ಬದಲಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಆ ಉಪಚುನಾವಣೆ ನಡೆಯುವ ಹೊತ್ತಿಗೆ ಸರ್ಕಾರ ಬದಲಾಗಿ ತಿಂಗಳುಗಳೇ ಆಗಿದ್ದವು. ಯಾರ ಸರ್ಕಾರ ಬೇಕು ಎಂದು ಆ 15 ಕ್ಷೇತ್ರದವರನ್ನು ಮೊದಲು ಕೇಳಿ ಸರ್ಕಾರ ಬದಲಿಸಲಿಲ್ಲ. ಸರ್ಕಾರ ಬದಲಿಸಿ ಆಮೇಲೆ ಕೇಳಿದರು. ಆಗ ಮತದಾರರ ಮುಂದಿದ್ದದ್ದು ಮಂತ್ರಿ ಆಗಬಲ್ಲ ಅಭ್ಯರ್ಥಿ ಮತ್ತು ವಿರೋಧ ಪಕ್ಷದ ಅಭ್ಯರ್ಥಿ. ಕ್ಷೇತ್ರಕ್ಕೆ ಕೆಲಸ ಆಗಬೇಕು ಎಂದುಕೊಳ್ಳುವ ಮನುಷ್ಯ ಯಾರಿಗೆ ಹಾಕುತ್ತಾನೆ?

ಲಂಚದ ಮಾತನ್ನು ನಾನಿಲ್ಲಿ ತೆಗೆಯುವುದಿಲ್ಲ, ಒಂದನ್ನು ಬಿಟ್ಟು. ಸದನದಲ್ಲಿ ಓಟು ಹಾಕಲು ದುಡ್ಡು ತೆಗೆದುಕೊಂಡರೂ ಶಾಸಕರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆ 1998ರ ಒಂದು ತೀರ್ಪಿನಿಂದ ಸಿಕ್ಕಿತ್ತು. 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಬಹಳ ತಡವಾಗಿ ಬಂದರೂ ದೊಡ್ಡ ತೀರ್ಪು.

ಸ್ಪೀಕರ್ ಗಡಿಯಾರ

ಮೂರನೇ ದಾರಿ ಕಣ್ಣಿಗೆ ಕಾಣುವುದೇ ಇಲ್ಲ. ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ್ದು. ಯಾರು ಅನರ್ಹರು ಎಂದು ತೀರ್ಮಾನ ಮಾಡುವವರು ಸ್ಪೀಕರ್. ಎಷ್ಟು ದಿನದೊಳಗೆ ಮಾಡಬೇಕು ಎಂದು 10ನೇ ಅನುಸೂಚಿಯಲ್ಲಿ ಒಂದು ಸಾಲೂ ಇಲ್ಲ.

ಎರಡು ಪ್ರಕರಣ ಅಕ್ಕಪಕ್ಕ ಇಟ್ಟು ನೋಡಿ. 2010ರ ಅಕ್ಟೋಬರ್, ಕರ್ನಾಟಕ. ಬಿಜೆಪಿಯ 11 ಶಾಸಕರು, ಜೊತೆಗೆ 5 ಪಕ್ಷೇತರರು ಮುಖ್ಯಮಂತ್ರಿ ಯಡಿಯೂರಪ್ಪ ಅವರಿಗೆ ಕೊಟ್ಟ ಬೆಂಬಲ ವಾಪಸ್ ಪಡೆದರು. 7ನೇ ತಾರೀಖು ನೋಟಿಸ್ ಹೋಯಿತು. 10ನೇ ತಾರೀಖು ಹದಿನಾರೂ ಜನ ಅನರ್ಹರಾದರು. 11ಕ್ಕೆ ವಿಶ್ವಾಸಮತ! ಸ್ಪೀಕರ್ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2011ರ ಮೇ ತಿಂಗಳಲ್ಲಿ, ಅಷ್ಟರಲ್ಲಿ ಸರ್ಕಾರ ಉಳಿದುಕೊಂಡಾಗಿತ್ತು. ಇನ್ನೊಂದು ಮಣಿಪುರದ್ದು. 2017ರಲ್ಲಿ ಕಾಂಗ್ರೆಸ್ ಟಿಕೆಟ್ ಮೇಲೆ ಗೆದ್ದ ಒಬ್ಬ ಶಾಸಕರು ಬಿಜೆಪಿ ನೇತೃತ್ವದ ಸರ್ಕಾರದಲ್ಲಿ ಮಂತ್ರಿಯಾದರು. ಇದಕ್ಕಿಂತ ಸ್ಪಷ್ಟ ಪಕ್ಷಾಂತರ ಬೇಕೇ? ದೂರು ಸ್ಪೀಕರ್ ಮುಂದೆ ಹಾಗೇ ಕೂತಿತ್ತು. ಕೊನೆಗೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ತನ್ನ ವಿಶೇಷ ಅಧಿಕಾರ ಬಳಸಿ ಅವರನ್ನು ಮಂತ್ರಿ ಸ್ಥಾನದಿಂದ ಇಳಿಸಿತು.

ಒಂದು ಕಡೆ ಮೂರು ದಿನ, ಇನ್ನೊಂದು ಕಡೆ ಮೂರು ವರ್ಷ. ಸರ್ಕಾರಕ್ಕೆ ಅನುಕೂಲವಾದಾಗ ಗಡಿಯಾರ ಓಡಿತು, ಅನಾನುಕೂಲವಾದಾಗ ನಿಂತಿತು.

ಈ ಕಾನೂನು ಪ್ರಶ್ನೆಗೆ ಒಳಗಾದ 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲೇ ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಎಚ್ಚರಿಸಿದ್ದರು. ಸದನದ ಬಹುಮತದ ಬಲದ ಮೇಲೆ ಕೂತಿರುವ ಸ್ಪೀಕರ್, ಅದೇ ಬಹುಮತದ ವಿಷಯದಲ್ಲಿ ನ್ಯಾಯಾಧೀಶರಾಗುವುದು ಸರಿಯಲ್ಲ ಎಂದರು. ಉಳಿದ ಮೂವರು ಒಪ್ಪಲಿಲ್ಲ. ಆದರೆ ಸ್ಪೀಕರ್ ತೀರ್ಮಾನವನ್ನು ಕೋರ್ಟ್ ಪರಿಶೀಲಿಸಬಹುದು ಎಂಬ ಬಾಗಿಲನ್ನು ತೆರೆದರು. ತೀರ್ಮಾನವೇ ಆಗದಿದ್ದರೆ ಪರಿಶೀಲಿಸುವುದು ಏನನ್ನು? ಮಣಿಪುರದ ಪ್ರಕರಣದಲ್ಲಿ ಕೋರ್ಟ್ ಮೂರು ತಿಂಗಳ ಗಡುವಿನ ಮಾತಾಡಿತು. ಸ್ವತಂತ್ರ ನ್ಯಾಯಮಂಡಳಿ ಬೇಕೇ ಎಂದು ಸಂಸತ್ತು ಯೋಚಿಸಲಿ ಎಂದೂ ಹೇಳಿತು. 2025ರ ಜುಲೈ 31ರಂದು, ಬಿಆರ್‌ಎಸ್‌ನಿಂದ ಗೆದ್ದು ಕಾಂಗ್ರೆಸ್ ಕಡೆ ಹೋದರೆಂಬ ಹತ್ತು ಶಾಸಕರ ಪ್ರಕರಣದಲ್ಲಿ ತೆಲಂಗಾಣ ಸ್ಪೀಕರ್‌ಗೆ ಮತ್ತೆ ಮೂರು ತಿಂಗಳ ಗಡುವು ಕೊಡಬೇಕಾಯಿತು. ಪ್ರತಿ ಸಲವೂ ಕೋರ್ಟೇ ಬಂದು ಹೇಳಬೇಕು ಎನ್ನುವುದೇ ಕಾನೂನಿನ ಸೋಲು.

ಬಿಗಿ ಆಗಿರುವುದು ಎಲ್ಲಿ?

ಈಗ ಪ್ರಾಮಾಣಿಕ ಶಾಸಕರೊಬ್ಬರನ್ನು ಊಹಿಸಿಕೊಳ್ಳಿ. ಅವರ ಪಕ್ಷ ಒಂದು ಮಸೂದೆ ತರುತ್ತದೆ. ಅದರಿಂದ ಅವರ ಕ್ಷೇತ್ರದ ಜನರಿಗೆ ತೊಂದರೆ. ಅವರು ಸದನದಲ್ಲಿ ಎದ್ದು ನಿಂತು ವಿರೋಧಿಸಿ ಮಾತಾಡಬಹುದು. ಓಟಿಗೆ ಹಾಕಿದಾಗ ಮಾತ್ರ ವಿಪ್ ಹೇಳಿದಂತೆ 'ಹೌದು' ಎನ್ನಲೇಬೇಕು. ಸರ್ಕಾರ ಬೀಳುವ ಪ್ರಶ್ನೆಯೇ ಇಲ್ಲದಿದ್ದರೂ, ಸಣ್ಣ ತಿದ್ದುಪಡಿಯೇ ಆಗಿದ್ದರೂ ಅಷ್ಟೇ. ಮೀರಿದರೆ ಕ್ಷಮಿಸುವುದೋ ಬಿಡುವುದೋ ಪಕ್ಷದ ನಾಯಕರ ಇಷ್ಟ. ನಾವು ಆರಿಸಿದ್ದು ನಮ್ಮ ಪ್ರತಿನಿಧಿಯನ್ನು. ಓಟು ಹಾಕುವ ಹೊತ್ತಿಗೆ ಅವರು ಪಕ್ಷದ ಪ್ರತಿನಿಧಿ ಆಗಿಬಿಡುತ್ತಾರೆ. ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾಗುತ್ತವೆ ಎಂದು ಬೇಸರ ಪಡುತ್ತೇವಲ್ಲ, ಫಲಿತಾಂಶ ಮೊದಲೇ ಗೊತ್ತಿದ್ದರೆ ಚರ್ಚೆಗೆ ಯಾರು ಮನಸ್ಸು ಕೊಡುತ್ತಾರೆ?

ಬ್ರಿಟನ್ನಿನಲ್ಲಿ ಹೀಗಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬ್ರೆಕ್ಸಿಟ್ ವಿಷಯದಲ್ಲಿ ಆಡಳಿತ ಪಕ್ಷದ 21 ಸಂಸದರು ತಮ್ಮದೇ ಸರ್ಕಾರದ ವಿರುದ್ಧ ಓಟು ಹಾಕಿದರು. ಪಕ್ಷ ಅವರನ್ನು ತನ್ನ ಸಂಸದೀಯ ಗುಂಪಿನಿಂದ ಹೊರಗೆ ಹಾಕಿತು. ಆದರೆ ಸಂಸದ ಸ್ಥಾನ ಯಾರದ್ದೂ ಹೋಗಲಿಲ್ಲ. ಅಲ್ಲಿನದ್ದನ್ನೆಲ್ಲ ಹಾಗೇ ಇಲ್ಲಿಗೆ ತರಬೇಕು ಎನ್ನುವುದಿಲ್ಲ, 1967 ಕಂಡ ದೇಶ ನಮ್ಮದು. ವಿಶ್ವಾಸಮತ, ಅವಿಶ್ವಾಸ ನಿರ್ಣಯಗಳಲ್ಲಿ ವಿಪ್ ಕಡ್ಡಾಯ ಇರಲಿ, ಉಳಿದ ಕಡೆ ಶಾಸಕರು ಮನಸ್ಸಾಕ್ಷಿಯಂತೆ ಓಟು ಹಾಕಲಿ ಎಂದರೆ ಎರಡೂ ಉಳಿಯುತ್ತದೆ.

ಇದು ನನ್ನ ತಲೆಯಿಂದ ಬಂದ ಸಲಹೆ ಅಲ್ಲ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಇದನ್ನು ಹೇಳಿತ್ತು. ಅನರ್ಹತೆಯನ್ನು ಸ್ಪೀಕರ್ ಬದಲು ಚುನಾವಣಾ ಆಯೋಗದ ಸಲಹೆಯಂತೆ ರಾಷ್ಟ್ರಪತಿ ಅಥವಾ ರಾಜ್ಯಪಾಲರು ತೀರ್ಮಾನಿಸಲಿ ಎಂದೂ ಹೇಳಿತ್ತು.

ರಾಜೀನಾಮೆಯ ದಾರಿಗೆ ಬೇಲಿ ಹಾಕುವುದು ಸ್ವಲ್ಪ ಕಷ್ಟ. ರಾಜೀನಾಮೆ ಕೊಡುವ ಹಕ್ಕನ್ನು ಯಾರಿಂದಲೂ ಕಿತ್ತುಕೊಳ್ಳುವಂತಿಲ್ಲ. ಆದರೆ ಅದರ ತುದಿಯಲ್ಲಿ ಇಟ್ಟಿರುವ ಆಮಿಷವನ್ನು ತೆಗೆಯಬಹುದು. ಪಕ್ಷಾಂತರದಿಂದ ಅನರ್ಹರಾದವರು ವಿಧಾನಸಭೆಯ ಅವಧಿ ಮುಗಿಯುವವರೆಗೆ, ಇಲ್ಲವೇ ಮತ್ತೆ ಗೆದ್ದು ಬರುವವರೆಗೆ ಮಂತ್ರಿ ಆಗುವಂತಿಲ್ಲ ಎಂದು ಸಂವಿಧಾನದ 164ನೇ ವಿಧಿ ಈಗಲೇ ಹೇಳುತ್ತದೆ. ಆ 'ಮತ್ತೆ ಗೆದ್ದು ಬರುವವರೆಗೆ' ಎನ್ನುವುದನ್ನು ತೆಗೆದು, ಮಧ್ಯದಲ್ಲಿ ರಾಜೀನಾಮೆ ಕೊಟ್ಟು ಬೇರೆ ಪಕ್ಷದಿಂದ ಗೆದ್ದವರಿಗೂ ಅದನ್ನು ಅನ್ವಯಿಸಿದರೆ ಸಾಕು. ಉಪಚುನಾವಣೆಗೆ ನಿಲ್ಲಲಿ, ಗೆಲ್ಲಲಿ, ಶಾಸಕರಾಗಿ ಕೆಲಸ ಮಾಡಲಿ. ಆ ವಿಧಾನಸಭೆಯ ಅವಧಿಯಲ್ಲಿ ಮಂತ್ರಿಗಿರಿ ಬೇಡ.

ಇದಕ್ಕೆಲ್ಲ ಸಂವಿಧಾನ ತಿದ್ದುಪಡಿ ಬೇಕು, ಅದು ಸಂಸತ್ತಿನ ಕೈಯಲ್ಲಿದೆ. ಅಲ್ಲಿಯವರೆಗೆ ನಾವು ಒಂದು ಕೆಲಸವನ್ನಂತೂ ಮಾಡಬಹುದು. ಮುಂದಿನ ಸಲ ಪಕ್ಷಾಂತರದ ಸುದ್ದಿ ಬಂದಾಗ ರೆಸಾರ್ಟಿನ ದೃಶ್ಯಗಳನ್ನು ಬಿಟ್ಟು ತಾರೀಖುಗಳನ್ನು ಗಮನಿಸಿ. ಅನರ್ಹತೆಯ ಅರ್ಜಿ ಸ್ಪೀಕರ್‌ಗೆ ಸಲ್ಲಿಕೆಯಾದದ್ದು ಎಂದು? ನೋಟಿಸ್ ಹೋಗಿದ್ದು ಎಂದು? ವಿಚಾರಣೆ ಎಷ್ಟು ಸಲ ಮುಂದಕ್ಕೆ ಹೋಯಿತು? ವಿಧಾನಸಭೆ ಸಚಿವಾಲಯ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತದೆ. ಈ ತಾರೀಖುಗಳನ್ನು ಕೇಳಿ ಯಾವ ಮತದಾರ ಬೇಕಾದರೂ ಅರ್ಜಿ ಹಾಕಬಹುದು.